ಕಸೂತಿಗೆ ಕಟ್ಟು ಹಾಕೋದು ಹೇಳಿಕೊಡೋಕೆ ಹೋಗಿದ್ದು

ನನಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಿ ಅಭ್ಯಾಸ ಇಲ್ಲ. ಸೂಜಿ ದಾರ ಹಿಡ್ಕೊಂಡು ಮೂಲೇಲಿ ಕೂತ್ರೆ ಸಂಜೆ ತನಕ ಬಾಯೇ ಬಿಡದ ಪೈಕಿ ನಾನು. ಅಂಥಾದ್ರಲ್ಲಿ ಒಂದು ಕ್ರಾಫ್ಟ್ ಗುಂಪಿನವರು ಫೋನ್ ಮಾಡಿ "ಅಕ್ಕಾ, ಎಂಬ್ರಾಯ್ಡರಿ ಫ್ರೇಮ್ ಮಾಡೋದರ ಬಗ್ಗೆ ಒಂದು ಗಂಟೆ ಮಾತಾಡ್ತೀರಾ, ನಮ್ಮಲ್ಲಿ ಹೊಲಿಯೋರಿಗೆ ಬರ ಇಲ್ಲ, ಆದ್ರೆ ಎಲ್ಲರದ್ದೂ ಮುಗಿಸಿ ಮಡಚಿ ಬೀರು ತಳದಲ್ಲಿ ಇಟ್ಟಿದಾರೆ" ಅಂದ್ರು. ಆ ಬೀರು ತಳದ ಮಾತು ಕೇಳಿ ಬೇಡ ಅನ್ನೋಕೆ ಆಗ್ಲಿಲ್ಲ, ಯಾಕಂದ್ರೆ ನಂದೂ ಎಷ್ಟೋ ವರ್ಷ ಅಲ್ಲೇ ಇದ್ದವು. ಆರು ತಿಂಗಳು ಕೂತು ಎಳೆ ಎಣಿಸಿ ಹೊಲಿದಿದ್ದನ್ನ ಕೊನೇ ಎರಡು ದಿನದ ಕೆಲ್ಸಕ್ಕೆ ಹೆದರಿ ಮಡಚಿ ಇಡೋದು, ಆ ಮಡಿಕೆ ಗೆರೆ ಬಟ್ಟೆಯಲ್ಲಿ ಖಾಯಂ ಆಗಿ ಕೂತ್ಕೊಳ್ಳೋದು, ಇದು ನಮ್ಮ ಪೈಕಿ ಎಲ್ಲರಿಗೂ ಇರೋ ರೋಗ.

ಒಪ್ಕೊಂಡ ಮೇಲೆ ಮೊದಲು ಮಾಡಿದ ತಪ್ಪು ಅಂದ್ರೆ ಸ್ಲೈಡ್ ಮಾಡೋಕೆ ಕೂತಿದ್ದು. ನಲವತ್ತಮೂರು ಸ್ಲೈಡ್! ಫ್ರೇಮ್ ಕಟ್ಟಿಗೆಯ ವಿಧಗಳು, ಬೋರ್ಡಿನ ವಿಧಗಳು, ಗಾಜಿನ ವಿಧಗಳು, ಬಣ್ಣ ಹೊಂದಿಸೋದು, ಎಲ್ಲಾ ಬರೆದು ತಂಗಿಯನ್ನ ಎದುರು ಕೂರಿಸಿ ಒಪ್ಪಿಸಿದೆ. ಒಂಬತ್ತನೇ ಸ್ಲೈಡಿಗೆ ಅವಳು ಆಕಳಿಸಿದ್ಲು, ಹದಿನಾಲ್ಕಕ್ಕೆ ಫೋನ್ ನೋಡೋಕೆ ಶುರು ಮಾಡಿದ್ಲು, ಆಮೇಲೆ "ಅಕ್ಕಾ ನೀನು ಮನೇಲಿ ಇದನ್ನ ಮಾಡೋವಾಗ ನಾನು ಪಕ್ಕದಲ್ಲಿ ಕೂತು ನೋಡಿದೀನಲ್ಲ, ಅದು ಚೆನ್ನಾಗಿತ್ತು, ಇದು ಪಾಠ ಆಯ್ತು" ಅಂದ್ಲು. ಸಿಟ್ಟು ಬಂತು. ರಾತ್ರಿ ಮಲಗಿದಾಗ ಸರಿ ಅನ್ನಿಸ್ತು. ಮರುದಿನ ಸ್ಲೈಡ್ ಅಷ್ಟನ್ನೂ ತೆಗೆದು ಹಾಕಿ, ಏನನ್ನ ಕೈಯಲ್ಲಿ ಹಿಡಿದು ತೋರಿಸಬಹುದೋ ಅಷ್ಟೇ ಹೇಳೋದು ಅಂತ ತೀರ್ಮಾನ ಮಾಡಿದೆ.

ಆದ್ರೆ ಕೈಯಲ್ಲಿ ಮಾಡಿ ತೋರಿಸೋದಕ್ಕೆ ಟೈಮ್ ಬೇಕಲ್ಲ. ಮನೇಲಿ ಗಡಿಯಾರ ಇಟ್ಕೊಂಡು ಒಂದು ಎಂಟು ಹತ್ತು ಇಂಚಿನ ಪೀಸ್ ಬೋರ್ಡಿಗೆ ಕೂರಿಸಿ ನೋಡಿದೆ, ಗುಂಡುಸೂಜಿ ಚುಚ್ಚಿ, ಹಿಂದೆ ದಾರ ಬಿಗಿದು, ಮೂಲೆ ಹೊಲಿಯೋದರೊಳಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಮಾತಾಡದೇನೇ ಇಷ್ಟು. ಹಾಗಾಗಿ ಒಂದೇ ಅಳತೆಯ ಐದು ಬಟ್ಟೆ ತುಂಡು ತಗೊಂಡು ಐದು ಹಂತದಲ್ಲಿ ನಿಲ್ಲಿಸಿದೆ. ಒಂದು ಬರೀ ತೊಳೆದು ಇಸ್ತ್ರಿ ಮಾಡಿದ್ದು, ಒಂದು ಬೋರ್ಡ್ ಮೇಲೆ ನಾಲ್ಕೂ ಕಡೆ ನಡುಮಧ್ಯ ಒಂದೊಂದೇ ಸೂಜಿ ಚುಚ್ಚಿದ್ದು, ಒಂದು ಸುತ್ತಲೂ ಸೂಜಿ ಚುಚ್ಚಿದ್ದು, ಒಂದು ಉದ್ದಕ್ಕೆ ಮಾತ್ರ ದಾರ ಬಿಗಿದಿದ್ದು, ಇನ್ನೊಂದು ಪೂರ್ತಿ ಮುಗಿದಿದ್ದು. ಈ ಐದು ತುಂಡುಗಳಷ್ಟು ಉಪಯೋಗಕ್ಕೆ ಬಂದಿದ್ದು ಇನ್ಯಾವುದೂ ಇಲ್ಲ, ಯಾರಾದ್ರೂ ಇಂಥ ಟಾಕ್ ಕೊಡೋಕೆ ಹೋಗೋರಿದ್ರೆ ಇದೊಂದನ್ನ ಮಾತ್ರ ಮಾಡ್ಕೊಳಿ ಅಂತೀನಿ.

ಆರನೇದೂ ಒಂದಿತ್ತು. ಅದನ್ನ ಬ್ಯಾಗಿಗೆ ಹಾಕ್ಕೊಳ್ಳೋದೋ ಬೇಡವೋ ಅಂತ ಹೊರಡೋ ತನಕ ಯೋಚನೆ. ನಾನು ಮೊಟ್ಟಮೊದಲು ನಾನೇ ಕಟ್ಟು ಹಾಕಿದ ಪೀಸು, ಒಂದು ಜೋಡಿ ನವಿಲು, ಸ್ಯಾಟಿನ್ ಸ್ಟಿಚ್. ಆಗ ನನಗೆ ಏನೂ ಗೊತ್ತಿರಲಿಲ್ಲ, ಹಳೇ ರಟ್ಟಿನ ಡಬ್ಬ ಕತ್ತರಿಸಿ ಅದಕ್ಕೆ ಬಿಳಿ ಗೋಂದು ಬಳಿದು ಬಟ್ಟೆ ಅಂಟಿಸಿ, ಅಂಚು ಹಿಂದಕ್ಕೆ ಮಡಚಿ ಟೇಪ್ ಹಾಕಿ, ಗಾಜು ನೇರ ದಾರದ ಮೇಲೇ ಕೂರಿಸಿದ್ದೆ. ಆವತ್ತು ಎಷ್ಟು ಚೆಂದ ಕಾಣಿಸ್ತಿತ್ತು ಅಂದ್ರೆ ಬಂದೋರೆಲ್ಲ ಹೊಗಳಿದ್ರು. ಹನ್ನೊಂದು ವರ್ಷ ಆದ್ಮೇಲೆ ಈಗ ನೋಡಿದ್ರೆ ಅಂಚಿನಿಂದ ಒಳಕ್ಕೆ ಹಬ್ಬಿದ ಕಂದು ಬಣ್ಣ, ನವಿಲಿನ ಬಾಲದ ಹತ್ರ ಗೋಂದಿನ ಹಳದಿ ಕಲೆ. ಇದನ್ನ ಜನರ ಮುಂದೆ ಬಿಚ್ಚೋದಾ? ಕೊನೆಗೆ ಹಾಕ್ಕೊಂಡೆ.

ಅಲ್ಲಿ ಹೋದ್ರೆ ಇಪ್ಪತ್ತೈದು ಮೂವತ್ತು ಜನ, ಸಾಲಾಗಿ ಕುರ್ಚಿ ಹಾಕಿದಾರೆ, ನನಗೊಂದು ಚಿಕ್ಕ ಟೇಬಲ್. ಹಿಂದಿನ ಎರಡು ಸಾಲಿಗೆ ನನ್ನ ಕೈ ಕಾಣಲ್ಲ ಅಂತ ಹೋದ ತಕ್ಷಣ ಗೊತ್ತಾಯ್ತು. ಕುರ್ಚಿ ಎಲ್ಲಾ ಎತ್ತಿಸಿ ಎರಡು ಟೇಬಲ್ ಜೋಡಿಸಿ "ಎಲ್ಲಾ ಸುತ್ತ ನಿಂತ್ಕೊಂಡ್ಬಿಡಿ, ಕಾಲು ನೋಯೋರು ಮುಂದೆ ಕೂತ್ಕೊಳಿ" ಅಂದೆ. ಅಷ್ಟರಲ್ಲೇ ನನ್ನ ಭಯ ಅರ್ಧ ಇಳೀತು, ಭಾಷಣ ಹೋಗಿ ನಾಲ್ಕು ಜನ ಕೂತು ಹೊಲಿಯೋ ಹಾಗೆ ಆಯ್ತು.

ಶುರು ಮಾಡಿದ್ದು ತೊಳೆಯೋದರಿಂದ. ಇಲ್ಲೇ ಮೊದಲ ಗಲಾಟೆ. "ತೊಳೆದ್ರೆ ಬಣ್ಣ ಬಿಡಲ್ವಾ?" ಅಂತ ಒಬ್ರು, "ನಂದು ಕ್ಲೀನಾಗೇ ಇದೆ, ಯಾಕೆ ತೊಳೀಬೇಕು" ಅಂತ ಇನ್ನೊಬ್ರು. ಕಣ್ಣಿಗೆ ಕ್ಲೀನ್ ಕಾಣುತ್ತೆ, ಆದ್ರೆ ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದಿರ್ತೀವಿ, ಕೈಯ ಜಿಡ್ಡು ಬಟ್ಟೆಗೆ ಹತ್ತಿರುತ್ತೆ, ಅದು ಈಗ ಕಾಣಲ್ಲ, ವರ್ಷಗಳಾದ್ಮೇಲೆ ಹಳದಿ ಆಗಿ ಎದ್ದು ಬರುತ್ತೆ, ಹೂಪ್ (ಹೊಲಿಯೋವಾಗ ಬಟ್ಟೆ ಬಿಗಿ ಹಿಡಿಯೋ ಬಳೆ) ಹಾಕಿದ ಜಾಗದಲ್ಲಿ ದುಂಡಗೆ ಉಂಗುರದ ಹಾಗೆ. ಬಣ್ಣ ಬಿಡುತ್ತಾ ಇಲ್ವಾ ನೋಡೋಕೆ ಒದ್ದೆ ಬಿಳಿ ಹತ್ತಿ ಬಟ್ಟೆ ತಗೊಂಡು ಕೆಂಪು, ಕಡು ನೀಲಿ ದಾರದ ಮೇಲೆ ಹಿಂಭಾಗದಲ್ಲಿ ಒತ್ತಿ ನೋಡೋದು. ಬಟ್ಟೆಗೆ ಬಣ್ಣ ಹತ್ತಿದ್ರೆ ತೊಳೀಬೇಡಿ, ಅಷ್ಟೇ. ಜರಿ, ಚಮಕಿ, ಉಣ್ಣೆ, ರೇಷ್ಮೆ ದಾರ ಇದ್ರೂ ಧೈರ್ಯ ಮಾಡ್ಬೇಡಿ ಅಂದೆ.

ಆಮೇಲೆ ಆ ನೀಲಿ ಪೆನ್ನು. ಡಿಸೈನ್ ಬರೆಯೋಕೆ ನೀರಲ್ಲಿ ಹೋಗೋ ನೀಲಿ ಪೆನ್ ಎಲ್ಲರ ಹತ್ರಾನೂ ಇದೆ, ಅದರ ಮೇಲೆ ನೇರ ಇಸ್ತ್ರಿ ಇಟ್ರೆ ಆ ಗೆರೆ ಹೋಗದೇ ಅಲ್ಲೇ ಕೂತುಬಿಡಬಹುದು ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮೊದಲು ತಣ್ಣೀರು, ಪೂರ್ತಿ ಹೋದ ಮೇಲೆ ಇಸ್ತ್ರಿ. ಬಿಸಿ ತಾಗಿದ್ರೆ ಮಾಯ ಆಗೋ ಪೆನ್ ಇದೆಯಲ್ಲ, ಅದು ಇನ್ನೂ ಮೋಸ, ಅದು ಮಾಯ ಆಗಿರಲ್ಲ, ಕಾಣಿಸದ ಹಾಗೆ ಕೂತಿರುತ್ತೆ, ತುಂಬಾ ಚಳಿಗೆ ಸಿಕ್ಕಿದ್ರೆ ಮತ್ತೆ ಎದ್ದು ಬರುತ್ತೆ. ನಾನು ಒಂದು ಚಿಂದಿ ಮೇಲೆ ಬರೆದು, ಇಸ್ತ್ರಿಯಲ್ಲಿ ಅಳಿಸಿ, ರಾತ್ರಿಯಿಡೀ ಫ್ರೀಜರಲ್ಲಿ ಇಟ್ಟು, ಐಸ್ ಪ್ಯಾಕ್ ಜೊತೆ ಡಬ್ಬಕ್ಕೆ ಹಾಕ್ಕೊಂಡು ತಂದಿದ್ದೆ. ತೆಗೆದು ತೋರಿಸಿದ್ರೆ ಗೆರೆಗಳು ಮಾಸಲಾಗಿ ವಾಪಸ್ ಬಂದಿದ್ವು. ಆ ಚಿಂದಿ ಕೈಯಿಂದ ಕೈಗೆ ಹೋಗಿ ಕೊನೆಗೆ ನನಗೆ ವಾಪಸ್ ಸಿಗಲೇ ಇಲ್ಲ. ಇಸ್ತ್ರಿ ಮಾಡೋವಾಗ ದಪ್ಪ ಟವಲ್ ಮೇಲೆ ಬೋರಲು ಹಾಕಿ ಹಿಂದಿನಿಂದ ಮಾಡೋದು, ಇಲ್ಲಾಂದ್ರೆ ಎದ್ದು ನಿಂತಿರೋ ಹೊಲಿಗೆ ಎಲ್ಲಾ ಚಪ್ಪಟೆ. ಗಂಜಿ ಹಾಕಲೇಬೇಡಿ, ಸಿಲ್ವರ್‌ಫಿಶ್ ಹುಳಕ್ಕೆ ಗಂಜಿ ಅಂದ್ರೆ ಪ್ರಾಣ.

ಇಷ್ಟಾದ ಮೇಲೆ ನವಿಲನ್ನ ಹೊರಗೆ ತೆಗೆದೆ.

ಮುಂಭಾಗ ತೋರಿಸಿದಾಗ ಯಾರೋ "ಅಯ್ಯೋ ಚೆನ್ನಾಗೇ ಇದೆಯಲ್ಲ ಮೇಡಂ" ಅಂದ್ರು, ಮರ್ಯಾದೆಗೆ. ಬೆನ್ನಿನ ಕಾಗದ ಹರಿದು, ಇಕ್ಕಳದಲ್ಲಿ ಒಂದೊಂದೇ ಮೊಳೆ ಕಿತ್ತು, ರಟ್ಟು ಸಮೇತ ಎತ್ತಿದ್ರೆ ಗಾಜೂ ಜೊತೆಗೇ ಎದ್ದು ಬಂತು. ಅಂಟಿಕೊಂಡಿತ್ತು. ನಿಧಾನಕ್ಕೆ ಬಿಡಿಸಿದಾಗ ಗಾಜಿನ ಒಳಮೈಯಲ್ಲಿ ನವಿಲಿನ ಆಕಾರದ್ದೇ ಒಂದು ಮಂಜು ಮಂಜು ಗುರುತು, ಅದರ ಸುತ್ತ ಚುಕ್ಕೆ ಚುಕ್ಕೆ ಬೂಷ್ಟು. ಗಾಜಿಗೂ ಬಟ್ಟೆಗೂ ಮಧ್ಯ ಗಾಳಿ ಆಡೋಕೆ ಜಾಗ ಇಲ್ಲದಿದ್ರೆ ಇದೇ ಆಗೋದು, ಗಾಜಿನ ಒಳಗೆ ಕೂತ ತೇವ ನೇರ ದಾರಕ್ಕೆ ಹೋಗುತ್ತೆ. ಆಮೇಲೆ ಹಿಂದಿನ ಟೇಪ್ ಎಳೆದೆ, ಟೇಪ್ ಒಣಗಿ ಪುಡಿಯಾಗಿ ಬಂತು, ಅದರ ಅಂಟು ಮಾತ್ರ ಬಟ್ಟೆಯಲ್ಲೇ ಉಳೀತು, ಜೇನಿನ ಬಣ್ಣದ ಜಿಗುಟು. ರಟ್ಟಿನಿಂದ ಬಟ್ಟೆ ಬಿಡಿಸೋಕೆ ನೋಡಿದೆ, ಬರಲಿಲ್ಲ, ಬಂದಷ್ಟು ಜಾಗದಲ್ಲಿ ರಟ್ಟಿನ ಪದರಾನೇ ಕಿತ್ತು ಬಂತು. ಅಗ್ಗದ ರಟ್ಟಲ್ಲಿ ಮರದ ಲಿಗ್ನಿನ್ ಅನ್ನೋದು ಉಳ್ಕೊಂಡಿರುತ್ತೆ, ಹಳೇ ಪೇಪರ್ ಹಳದಿ ಆಗೋದು ಅದರಿಂದಲೇ, ಅದು ಕಾಲ ಕಳೆದಂತೆ ಆಮ್ಲ ಬಿಡುತ್ತೆ, ಆ ಆಮ್ಲ ಬಟ್ಟೆಗೆ ಇಳಿಯುತ್ತೆ. ಕಂದು ಕಲೆ ಅಂದ್ರೆ ಬರೀ ಕಲೆ ಅಲ್ಲ, ಆ ಜಾಗದಲ್ಲಿ ಬಟ್ಟೆ ಸುಟ್ಟ ಹಾಗೆ. ಅಂಚನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ತೋರಿಸಿದೆ, ಪರ್ ಅಂತ ಹರೀತು.

ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ನನಗೂ ಹೊಟ್ಟೆ ಚುರುಕ್ ಅಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಆವತ್ತು ಹೇಳೋಕೆ ಹೋಗಿದ್ದೇ ಇದೊಂದು ಮಾತು. ಫ್ರೇಮ್ ಹಾಕೋವಾಗ ಏನೇ ಮಾಡಿ, ನಾಳೆ ಅದನ್ನ ಬಿಚ್ಚೋಕೆ ಬರಬೇಕು. ಅಂಟು ಹಾಕಿದ್ರೆ ಬಿಚ್ಚೋಕೆ ಬರಲ್ಲ. ದಾರ ಹಾಕಿದ್ರೆ ಕತ್ತರಿ ಹಾಕಿದ್ರಾಯ್ತು.

ದಾರ ಬಿಗಿಯೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ಹೆಚ್ಚು ಹೊತ್ತು ಹೋಗಿದ್ದೂ ಇದಕ್ಕೇ. ಆಸಿಡ್ ಇಲ್ಲದ ಬೋರ್ಡ್ ತಗೋಬೇಕು, ನಡುವೆ ಮೆತ್ತನೆ ಫೋಮ್ ಪದರ ಇರೋ ಫೋಮ್ ಬೋರ್ಡಾದ್ರೆ ಅಂಚಲ್ಲಿ ಸೂಜಿ ಚುಚ್ಚೋಕೆ ಸುಲಭ. ಫ್ರೇಮಿನ ಒಳ ಅಳತೆಗಿಂತ ಬೋರ್ಡನ್ನ ಎರಡು ಮೂರು ಮಿಲಿಮೀಟರ್ ಕಡಿಮೆ ಕತ್ತರಿಸಿ, ಬಟ್ಟೆ ಸುತ್ತಿದ ಮೇಲೆ ದಪ್ಪ ಆಗುತ್ತೆ, ಇದನ್ನ ಮರೆತು ನಾನು ಒಂದ್ಸಲ ಫ್ರೇಮ್ ಒಳಗೆ ಹೋಗದೇ ಎಲ್ಲಾ ಬಿಚ್ಚಿದೀನಿ. ಹಿಂದುಗಡೆ ಗಂಟುಗಳಿದ್ರೆ ಬೋರ್ಡಿಗೂ ಬಟ್ಟೆಗೂ ನಡುವೆ ತೆಳ್ಳಗೆ ಒಂದು ಹತ್ತಿ ಪದರ ಕೊಟ್ರೆ ಗಂಟು ಅದರೊಳಗೆ ಹೂತುಹೋಗುತ್ತೆ. ಬೋರ್ಡಿನ ನಾಲ್ಕು ಬದಿಯ ಮಧ್ಯ ಪೆನ್ಸಿಲ್ ಗುರುತು, ಬಟ್ಟೆಯ ನಾಲ್ಕು ಬದಿಯ ಮಧ್ಯ ದಾರದ ಗುರುತು, ಎರಡನ್ನೂ ಕೂಡಿಸಿ ಮೊದಲು ನಾಲ್ಕೇ ಸೂಜಿ. ಆಮೇಲೆ ಮಧ್ಯದಿಂದ ಮೂಲೆ ಕಡೆಗೆ, ಎದುರು ಬದುರು ಬದಿ ಜೊತೆಜೊತೆಗೆ. ಒಂದು ಬದಿ ಪೂರ್ತಿ ಚುಚ್ಚಿಬಿಟ್ಟು ಎದುರಿನದಕ್ಕೆ ಹೋದ್ರೆ ಬಟ್ಟೆ ಓರೆ ಆಗೋದು ಗ್ಯಾರಂಟಿ. ಬಟ್ಟೆಯ ಒಂದು ಎಳೆಯನ್ನ ಕಣ್ಣಲ್ಲಿ ಹಿಡ್ಕೊಂಡು ಅದು ಬೋರ್ಡಿನ ಅಂಚಿಗೆ ಸಮ ಹೋಗ್ತಿದೆಯಾ ನೋಡ್ತಿರಬೇಕು, ಕ್ರಾಸ್ ಸ್ಟಿಚ್ ಬಟ್ಟೆಯಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಚೌಕ ಚೌಕ ಇರೋದ್ರಿಂದ ಅರ್ಧ ಚೌಕ ಜಾರಿದ್ರೂ ಕಣ್ಣಿಗೆ ಹೊಡೆಯುತ್ತೆ.

ಸುತ್ತ ಸೂಜಿ ಆದ್ಮೇಲೆ ಬೋರಲು ಹಾಕಿ, ಹಿಂದೆ ಈ ಅಂಚಿಂದ ಆ ಅಂಚಿಗೆ ದಾರ, ಮಂಚಕ್ಕೆ ನವಾರು ಬಿಗಿದ ಹಾಗೆ. ದಾರ ಗಟ್ಟಿ ಇರಬೇಕು, ಸಾದಾ ಹೊಲಿಗೆ ದಾರ ತಡೆಯಲ್ಲ. ಇಲ್ಲಿ ಒಂದು ಉಪಾಯ ಇದೆ, ದಾರವನ್ನ ಉಂಡೆಯಿಂದ ಕತ್ತರಿಸಬೇಡಿ. ಮಧ್ಯದಿಂದ ಶುರು ಮಾಡಿ ಒಂದು ಪಕ್ಕಕ್ಕೆ ಹೋಗ್ತಾ ಉಂಡೆಯಿಂದಲೇ ಎಳ್ಕೊಳ್ತಾ ಹೋಗಿ, ಕೊನೇಲಿ ಗಂಟು ಹಾಕಿ, ಆಮೇಲೆ ಉಳಿದರ್ಧಕ್ಕೆ ಎಷ್ಟು ಬೇಕೋ ಅಂದಾಜು ಮಾಡಿ ಉಂಡೆಯಿಂದ ಬಿಚ್ಚಿ ಕತ್ತರಿಸಿ. ನಡುನಡುವೆ ಗಂಟು ಬರಲ್ಲ, ಬಿಗಿಯೋವಾಗ ಒಂದೇ ದಾರ ಸರಾಗ ಜಾರುತ್ತೆ. ಉದ್ದಕ್ಕೆ ಒಂದ್ಸಲ, ಅಡ್ಡಕ್ಕೆ ಒಂದ್ಸಲ. ಕೊನೆಗೆ ಸೂಜಿ ಎಲ್ಲಾ ತೆಗೆಯೋದು ಮರೀಬೇಡಿ, ಒಳಗೆ ಉಳಿದ್ರೆ ತುಕ್ಕು.

ಇದನ್ನ ನಾಲ್ಕನೇ ತುಂಡಿನ ಮೇಲೆ ತೋರಿಸ್ತಾ "ಹೀಗೆ ಬಿಗಿಯಾಗಿ" ಅಂತ ಎಳೆದ್ನಲ್ಲ, ಟಪ್ ಅಂತ ಕಿತ್ತು ಹೋಯ್ತು. ಮನೇಲಿ ಐವತ್ತು ಸಲ ಮಾಡಿದೀನಿ, ಒಂದ್ಸಲಾನೂ ಕಿತ್ತಿಲ್ಲ, ಅಲ್ಲೇ ಕೀಳಬೇಕಾ! ಎಲ್ಲರೂ ನಕ್ರು. ಮುಂದೆ ಕೂತಿದ್ದ ವಯಸ್ಸಾದ ಒಬ್ಬ ಅಮ್ಮ ಎದ್ದು ಬಂದು "ಎಳೀಬೇಡಮ್ಮಾ, ಒಂದೊಂದೇ ಎಳೆ ಬೆರಳಲ್ಲಿ ಎತ್ತಿ ಮುಂದಕ್ಕೆ ಸರಿಸು, ರವಿಕೆ ಹಿಂದೆ ಲಾಡಿ ಬಿಗಿಯೋ ಹಾಗೆ" ಅಂತ ನನ್ನ ಕೈಯಿಂದ ಬೋರ್ಡ್ ಇಸ್ಕೊಂಡು ತಾವೇ ಮಾಡಿ ತೋರಿಸಿದ್ರು. ನನಗಿಂತ ಚೆನ್ನಾಗಿ. ಅವರು ಫ್ರೇಮ್ ಕೆಲ್ಸ ಯಾವತ್ತೂ ಮಾಡಿದೋರಲ್ಲ. ನಾನೀಗ ಅವರ ಹಾಗೇ ಮಾಡೋದು.

ಗಾಜಿನ ವಿಷ್ಯಕ್ಕೆ ಬಂದಾಗ ಗುಂಪು ಎರಡಾಯ್ತು. ಗಾಜು ಬೇಡ, ದಾರದ ಉಬ್ಬು ತಗ್ಗು ಕಾಣಲ್ಲ, ಜೀವ ಹೋಗುತ್ತೆ ಅನ್ನೋರು ಒಂದು ಕಡೆ, ಧೂಳು ಯಾರು ಒರೆಸ್ತಾರೆ ಅನ್ನೋರು ಇನ್ನೊಂದು ಕಡೆ. ನಾನು ಗಾಜಿನ ಪಕ್ಷ, ಆದ್ರೆ ದಾರಕ್ಕೆ ತಾಗಬಾರದು. ಮುಂದೆ ಕಿಟಕಿ ಕೊರೆದ ಮೌಂಟ್ ಬೋರ್ಡ್ ಇಟ್ರೆ ಅದರ ದಪ್ಪದಷ್ಟು ಅಂತರ ಸಿಗುತ್ತೆ, ಸಾಮಾನ್ಯ ಬೋರ್ಡ್ ಹೆಚ್ಚು ಕಮ್ಮಿ ಒಂದೂವರೆ ಮಿಲಿಮೀಟರ್, ಕ್ರಾಸ್ ಸ್ಟಿಚ್‌ಗೆ ಸಾಕು, ಫ್ರೆಂಚ್ ನಾಟ್ ಅನ್ನೋ ಉಬ್ಬು ಗಂಟು, ಮಣಿ, ಕನ್ನಡಿ ಇದ್ರೆ ಸಾಲಲ್ಲ, ಆಗ ಮೌಂಟ್ ಅಡಿಗೆ ಕಾಣದ ಹಾಗೆ ಫೋಮ್ ಬೋರ್ಡಿನ ಪಟ್ಟಿ ಕೊಟ್ಟು ಎತ್ತರಿಸಬೇಕು. ಗಾಜಿನ ಬದಲು ಅಕ್ರಿಲಿಕ್ ಹಾಕ್ಬಹುದಾ ಅಂತ ಒಬ್ರು ಕೇಳಿದ್ರು, ಹಾಕ್ಬಹುದು, ಹಗುರ, ಒಡೆಯಲ್ಲ, ಆದ್ರೆ ಒರೆಸಿದ್ರೆ ಸ್ಟ್ಯಾಟಿಕ್ ಹಿಡಿದು ಸಡಿಲ ಎಳೆಗಳನ್ನ, ಧೂಳನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಯುವಿ, ಅಂದ್ರೆ ಬಿಸಿಲಲ್ಲಿರೋ ಕಣ್ಣಿಗೆ ಕಾಣದ ಕಿರಣ, ಅದನ್ನ ತಡೆಯೋ ಗಾಜು ಸಿಗುತ್ತೆ, ಒಳ್ಳೇದು 99% ತನಕ ತಡೆಯುತ್ತೆ. ಆದ್ರೆ ಅದನ್ನ ಹಾಕಿದೀನಿ ಅಂತ ಬಿಸಿಲು ಬೀಳೋ ಗೋಡೆಗೆ ನೇತು ಹಾಕಿದ್ರೆ ಏನೂ ಉಪಯೋಗ ಇಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಣ್ಣ ತಿನ್ನುತ್ತೆ. ಮ್ಯೂಸಿಯಂಗಳಲ್ಲಿ ಹಳೇ ಬಟ್ಟೆ ಇಟ್ಟಿರೋ ಕೋಣೆ ಯಾಕೆ ಅಷ್ಟು ಮಬ್ಬು ಅಂದ್ರೆ ಅಲ್ಲಿ ಬೆಳಕನ್ನ ಸುಮಾರು 50 ಲಕ್ಸ್‌ಗೆ ಇಳಿಸಿರ್ತಾರೆ, ಲಕ್ಸ್ ಅಂದ್ರೆ ಬೆಳಕಿನ ಅಳತೆ. ಒಮ್ಮೆ ಹೋದ ಬಣ್ಣ ವಾಪಸ್ ಬರೋ ಮಾತಿಲ್ಲ.

ಅಂಗಡಿಗೆ ಕೊಡೋರಿಗೆ ಒಂದೇ ಒಂದು ಕಿವಿಮಾತು ಹೇಳಿದೆ, ಸುತ್ತ ಬಿಟ್ಟ ಹೆಚ್ಚುವರಿ ಬಟ್ಟೆ ಕತ್ತರಿಸ್ಬೇಡಿ ಅಂತ ಚೀಟಿ ಬರೆದು ಪೀಸಿಗೇ ಪಿನ್ ಮಾಡಿ ಕೊಡಿ. ನಾನು ಸುತ್ತ ಮೂರಿಂಚು ಬಿಟ್ಟು ಕೊಟ್ಟಿದ್ದನ್ನ ಒಬ್ಬ ಫ್ರೇಮಿನವರು ನೀಟಾಗಿ ಕಾಣಲಿ ಅಂತ ಡಿಸೈನಿಗೆ ಅರ್ಧ ಇಂಚು ಬಿಟ್ಟು ಟ್ರಿಮ್ ಮಾಡಿ ಡಬಲ್ ಟೇಪಲ್ಲಿ ಅಂಟಿಸಿದ್ರು. ಕೇಳಿದ್ರೆ "ಫೋಟೋಗೆ ಹೀಗೇ ಮಾಡೋದು ಮೇಡಂ". ಅವರ ತಪ್ಪೂ ಅಲ್ಲ, ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಆಮೇಲೆ ಅದಕ್ಕೆ ಸುತ್ತ ಬೇರೆ ಬಟ್ಟೆ ಜೋಡಿಸಿ ಹೊಲಿದು ದಾರ ಬಿಗಿಯೋಕೆ ಮೂರು ದಿನ ಹಿಡೀತು.

ಒಂದು ಗಂಟೆ ಅಂದಿದ್ದು ಎರಡು ಗಂಟೆ ಹತ್ತಿರ ಆಯ್ತು. ಮೌಂಟ್ ಬಣ್ಣ ಯಾವುದು, ಫ್ರೇಮ್ ಯಾವುದು ಅನ್ನೋದನ್ನ ಹೇಳೋಕೆ ಟೈಮೇ ಸಿಗಲಿಲ್ಲ, ಅದಕ್ಕೇ ಹದಿನೇಳು ಸ್ಲೈಡ್ ಇಟ್ಟಿದ್ದೆ ಮೊದಲು, ಯಾರೂ ಕೇಳಲೂ ಇಲ್ಲ. ಎಲ್ಲಾ ಎತ್ತಿಡ್ತಿರೋವಾಗ ಅಷ್ಟು ಹೊತ್ತೂ ಹಿಂದೆ ನಿಂತಿದ್ದ ಒಬ್ಬರು ಬಂದು ಕವರಿಂದ ಒಂದು ಫ್ರೇಮ್ ತೆಗೆದ್ರು, ಅವರ ಅಮ್ಮ ಹೊಲಿದಿದ್ದಂತೆ, ಹೂವಿನ ಬುಟ್ಟಿ. "ಇದನ್ನೂ ಬಿಚ್ಚಿ ನೋಡಬಹುದಾ?" ಅಂದ್ರು. ತಿಳಿ ಗುಲಾಬಿ ಹೂವು, ಬೂದು ಬಣ್ಣಕ್ಕೆ ಹತ್ತಿರದ ಎಲೆ, ಒಂಥರಾ ಸಾಧು ಬಣ್ಣಗಳು. ನನಗೆ ಭಯ, ನನ್ನ ನವಿಲನ್ನ ಹರಿಯೋದು ಬೇರೆ, ಇನ್ನೊಬ್ಬರ ಅಮ್ಮನದ್ದು ಬೇರೆ. ಹರಿದ್ರೆ ನನ್ನ ಕೇಳಬಾರದು ಅಂತ ಮೊದಲೇ ಹೇಳಿ ಮೊಳೆ ಕಿತ್ತೆ. ಪುಣ್ಯ, ಅಂಟು ಹಾಕಿರಲಿಲ್ಲ, ಅವರಮ್ಮ ನಾಲ್ಕು ಮೂಲೆಗೆ ದಪ್ಪ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿ ರಟ್ಟಿಗೆ ಕಟ್ಟಿದ್ರು ಅಷ್ಟೇ. ಕತ್ತರಿಸಿದೆ, ಬಟ್ಟೆ ಸಲೀಸಾಗಿ ಬಂತು. ತಿರುಗಿಸಿದೆ.

ಹಿಂಭಾಗದಲ್ಲಿ ಆ ಹೂಗಳು ಕಡು ರಾಣಿ ಬಣ್ಣ. ಎಲೆಗಳು ಗಿಳಿ ಹಸಿರು. ಬುಟ್ಟಿಗೆ ಕಿತ್ತಳೆ ಅಂಚು ಇತ್ತು ಅನ್ನೋದೇ ಮುಂದುಗಡೆಯಿಂದ ಗೊತ್ತಾಗ್ತಿರಲಿಲ್ಲ. ಅವರು ನೋಡ್ತಾನೇ ಇದ್ರು, ಆಮೇಲೆ "ನಮ್ಮಮ್ಮಂಗೆ ಮೆಲು ಬಣ್ಣ ಇಷ್ಟ ಅಂದ್ಕೊಂಡಿದ್ದೆ ಇಷ್ಟು ದಿನ" ಅಂದ್ರು. ಆಚೆ ಈಚೆ ಹೊರಟಿದ್ದೋರೆಲ್ಲ ಬ್ಯಾಗ್ ಹೆಗಲಿಗೆ ಹಾಕ್ಕೊಂಡೇ ವಾಪಸ್ ಬಂದು ಸುತ್ತ ನಿಂತ್ರು. "ಅಕ್ಕಾ, ಉಲ್ಟಾನೇ ಫ್ರೇಮ್ ಹಾಕಿದ್ರೆ ಹೇಗೆ?" ಅಂತ ಅವರು ಕೇಳಿದ್ರು, ತಮಾಷೆಗಲ್ಲ, ನಿಜವಾಗ್ಲೂ. ಹಿಂದುಗಡೆ ಗಂಟು, ಉದ್ದುದ್ದ ಎಳೆದ ದಾರ, ಎಲ್ಲಾ ಇದೆಯಲ್ಲ ಅಂದೆ. "ಇರ್ಲಿ, ಅದೂ ಅಮ್ಮಂದೇ ಅಲ್ವಾ" ಅಂದ್ರು. ನನ್ನ ಹತ್ರ ಐದನೇ ತುಂಡಿನ ಬೋರ್ಡ್ ಇತ್ತು, ಅಳತೆ ಸ್ವಲ್ಪ ದೊಡ್ಡದು, ಅಲ್ಲೇ ಒಂದು ಬದಿ ಕತ್ತರಿಸಿ ಕೊಟ್ಟೆ, ಗುಂಡುಸೂಜಿ ಡಬ್ಬಾನೂ. ಯಾವ ಕಡೆ ಮುಂದೆ ಮಾಡಿದ್ರು ಅಂತ ಇನ್ನೂ ಫೋನ್ ಬಂದಿಲ್ಲ.